ಯಾರ ನಾಳೆ

ಆ ಮನೆಯಲ್ಲಿ ಇದ್ದದ್ದು ಒಂದೇ ಮಂಚ, ಒಂದೇ ದಿಂಬು. ಬಡತನಕ್ಕಲ್ಲ, ಎರಡನೆಯದಕ್ಕೆ ಕೆಲಸವೇ ಇರಲಿಲ್ಲ. ಹೆಂಡತಿ ಏಳುವ ಹೊತ್ತಿಗೆ ಗಂಡ ಕೆಲಸ ಮುಗಿಸಿ ಬರುತ್ತಿದ್ದ, ಗಂಡ ಎದ್ದು ಮುಖ ತೊಳೆಯುವ ಹೊತ್ತಿಗೆ ಹೆಂಡತಿ ಕೆಲಸದಿಂದ ಬರುತ್ತಿದ್ದಳು. ರಜೆ ಇಲ್ಲದೆ ದುಡಿದದ್ದು ಮಂಚವೊಂದೇ.

ಅವನು ಊರಿಗೆ ನೀರು ಹತ್ತಿಸುವ ಪಂಪುಮನೆಯಲ್ಲಿ ರಾತ್ರಿ ಪಾಳಿಯವನು. ಬೀದಿಯವರು ಅವನನ್ನು ನೀರಣ್ಣ ಎನ್ನುತ್ತಿದ್ದರು. ನಲ್ಲಿಯಲ್ಲಿ ನೀರು ಬಾರದ ದಿನ ಅವನೇ ಎಲ್ಲವನ್ನೂ ಕುಡಿದುಬಿಟ್ಟನೋ ಎಂಬ ಹಾಗೆ ಬೈಯುತ್ತಲೂ ಇದ್ದರು. ಅವಳು ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹಗಲು ಕೆಲಸದವಳು. ಹರಿದ ಹಾಸುಬಟ್ಟೆ, ಗುಂಡಿ ಕಿತ್ತ ರೋಗಿಗಳ ಅಂಗಿ, ಬಾಗಿಲ ಪರದೆ, ಯಾವುದು ಬಂದರೂ ತೇಪೆ ಹಾಕಿ ಮಡಿಸಿ ಕಳಿಸಬೇಕು. ಅಲ್ಲಿ ಎಲ್ಲರಿಗೂ ಅವಳು ಹೊಲಿಗೆಯಕ್ಕ.

ಹೀಗೆ ಹಗಲು ರಾತ್ರಿ ಹಂಚಿಕೊಂಡದ್ದು ಅವರೇ. ಮಗಳು ತೊಟ್ಟಿಲಲ್ಲಿದ್ದಾಗ ನೋಡಿಕೊಳ್ಳಲು ಮನೆಯಲ್ಲಿ ಹಿರಿಯರು ಇರಲಿಲ್ಲ. ಒಬ್ಬರು ಹೊರಗಿದ್ದರೆ ಒಬ್ಬರು ಒಳಗಿರಲಿ ಎಂದು ಅವನು ರಾತ್ರಿ ಪಾಳಿ ಕೇಳಿ ಪಡೆದ. ಮಗು ಶಾಲೆಗೆ ಹೋಗುವವರೆಗೆ ತಾನೆ ಎಂದರು. ಮಗು ಶಾಲೆಗೆ ಹೋಯಿತು, ಶಾಲೆ ಮುಗಿಸಿತು, ಮದುವೆಯಾಗಿ ಎರಡು ಬೀದಿ ಆಚೆಗೆ ಹೋಯಿತು. ಪಾಳಿ ಮಾತ್ರ ಬದಲಾಗಲಿಲ್ಲ. ರಾತ್ರಿ ಪಾಳಿಗೆ ಬೇರೆ ಯಾರೂ ಬರಲೊಲ್ಲರು, ಮೇಲಿನವರೂ ಬಿಡಲೊಲ್ಲರು.

ಅವರ ಸಂಸಾರವೆಲ್ಲ ಹೊಸಿಲ ಮೇಲೆ ನಡೆಯಿತು. ಬೆಳಿಗ್ಗೆ ಅವನು ಬಂದು ಡಬ್ಬಿ ಇಡುತ್ತಿದ್ದ, ಅವಳು ಚೀಲ ಹೆಗಲಿಗೆ ಹಾಕುತ್ತಿದ್ದಳು. ಸಂಜೆ ಅವಳು ಬರುತ್ತಿದ್ದಳು, ಅವನು ಡಬ್ಬಿ ಎತ್ತಿಕೊಳ್ಳುತ್ತಿದ್ದ. ನಡುವೆ ಕೀಲಿಕೈ ಕೈಯಿಂದ ಕೈಗೆ ಹೋಗುತ್ತಿತ್ತು. ಹಾಲು ಕಾಸಿದೆ, ಬೆಕ್ಕು ಒಳಗೆ ಬಂದೀತು, ಮಗಳಿಗೆ ಜ್ವರ ಇಳಿದಿದೆ, ಹೇಳಬೇಕಾದದ್ದನ್ನೆಲ್ಲ ಅಷ್ಟರಲ್ಲೇ ಹೇಳಿ ಮುಗಿಸಬೇಕು. ಜಗಳ ಹುಟ್ಟಿದರೆ ಬೆಳಿಗ್ಗೆ ಅವಳದೊಂದು ಮಾತು, ಅದಕ್ಕೆ ಉತ್ತರ ಸಂಜೆಗೆ. ಒಂದು ಜಗಳ ವಾರಗಟ್ಟಲೆ ಎಳೆಯುತ್ತಿತ್ತು, ಅಷ್ಟರಲ್ಲಿ ಯಾತಕ್ಕೆ ಶುರುವಾಯಿತೆಂಬುದು ಇಬ್ಬರಿಗೂ ಮರೆತುಹೋಗುತ್ತಿತ್ತು. ಅವನಿಗೆ ವಾರದ ರಜೆ ಇತ್ತು ನಿಜ. ಆ ರಾತ್ರಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ, ಅವಳಿಗೆ ರೆಪ್ಪೆ ತೆರೆದು ನಿಲ್ಲುತ್ತಿರಲಿಲ್ಲ. ತನ್ನ ಮನೆಯಲ್ಲೇ ಕಳ್ಳನ ಹಾಗೆ ಕಾಲ ತುದಿಯಲ್ಲಿ ಓಡಾಡಿ ಸಾಕಾಗಿ, ಅವನು ರಜೆಯ ದಿನವೂ ಪಂಪುಮನೆಗೇ ಹೋಗಿ ಕೂರತೊಡಗಿದ.

ಆ ಮನೆಯಲ್ಲಿ ಸುಲಭವಾಗಿ ಆಡಲಾಗದ ಮಾತೊಂದಿತ್ತು. ಅದು ನಾಳೆ. ಮಿಕ್ಕವರಿಗೆ ಬೆಳಗಾದರೆ ನಾಳೆ. ನೀರಣ್ಣನಿಗೆ ಮಲಗಿ ಎದ್ದರೆ ನಾಳೆ, ಅಂದರೆ ಅದೇ ದಿನದ ಸಂಜೆ.

ಮಗಳ ಮದುವೆಯ ಮಾತುಕತೆಯಲ್ಲಿ ಇದು ಬಯಲಿಗೆ ಬಂತು. ಗಂಡಿನ ಕಡೆಯವರು ಪಂಪುಮನೆಗೆ ಹೇಳಿ ಕಳಿಸಿದ್ದರು. ಅವನು ಬೆಳಿಗ್ಗೆ ಹೊಸಿಲ ಮೇಲೆ ನಿಂತು, "ನಾಳೆ ಬರ್ತಾರಂತೆ ಕಣೇ, ಮನೆ ಸ್ವಲ್ಪ ಒಪ್ಪ ಮಾಡು," ಎಂದು ಮಲಗಿಬಿಟ್ಟ. ಒಪ್ಪ ಮಾಡೋಣವೆಂದೇ ಅವಳು ಸಂಜೆ ಕಂಬಳಿಗಳನ್ನೆಲ್ಲ ನೆನೆಹಾಕಿ, ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗೆ ಸೋಪಿನ ನೊರೆಯಲ್ಲಿ ನಿಂತಿದ್ದಳು. ಅವನು ಇನ್ನೂ ಎದ್ದಿರಲಿಲ್ಲ, ಆಗಲೇ ಬೀಗಿತಿಯಾಗಬೇಕಾದವರು ಬಾಗಿಲಿಗೆ ಬಂದರು. ಆಕೆ ಒಂದು ಗಳಿಗೆ ನೋಡಿ, ಚಪ್ಪಲಿ ಬಿಟ್ಟು, "ಇರ್ಲಿ ಬಿಡಮ್ಮ, ಆ ತುದಿ ನೀನು ಹಿಡಿ, ಈ ತುದಿ ನಾನು ಹಿಡೀತೀನಿ," ಎಂದು ಕಂಬಳಿ ಹಿಂಡಲು ನಿಂತರು. ಹಿಂಡಿ ಮುಗಿಯುವಷ್ಟರಲ್ಲಿ ಸಂಬಂಧ ಕುದುರಿತ್ತು. ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆ ಬಂತು. ಯಾರು ನಾಳೆ ಎಂದರೂ ಇನ್ನೊಬ್ಬರು ತಿರುಗಿ ಕೇಳಬೇಕು, "ಯಾರ ನಾಳೆ?"

ಹೊಲಿಗೆಯಕ್ಕನಿಗೆ ಇದ್ದ ಆಸೆ ಒಂದೇ. ಮನೆಯ ಮುಂದೆ ಗೋಡೆಗೆ ಒತ್ತಿ ಒಂದು ಮರದ ಬೆಂಚು, ಅದರ ಎದುರಿಗೆ ಬೀದಿದೀಪದ ಕಂಬ. ಸಂಜೆ ಕಪ್ಪಾಗುತ್ತ ಬಂದಾಗ ದೀಪ ಮೊದಲು ಕೆಂಪಗೆ ಮಿಣುಕಿ, ಹೋಗಲೋ ಇರಲೋ ಎಂದು ಅನುಮಾನಿಸಿ, ಆಮೇಲೆ ಬೆಳ್ಳಗೆ ನಿಲ್ಲುತ್ತಿತ್ತು. ಬೀದಿಯ ಹೆಂಗಸರು ಆ ಹೊತ್ತಿಗೆ ತಮ್ಮ ತಮ್ಮ ಗಂಡಂದಿರ ಜೊತೆ ಬಾಗಿಲಲ್ಲಿ ಕೂತು ಸುಮ್ಮನೆ ಏನೇನೋ ಆಡುತ್ತಿದ್ದರು. ದೀಪ ಹತ್ತುವ ಮೊದಲೇ ನೀರಣ್ಣ ಬೀದಿ ದಾಟಿರುತ್ತಿದ್ದ. ಬೆಂಚಿನ ಇನ್ನರ್ಧದಲ್ಲಿ ಅವಳು ಸೊಪ್ಪು ಸೋಸುವ ಮೊರ ಇಡುತ್ತಿದ್ದಳು. ಅಲ್ಲಿ ಅವನು ಕೂರಬೇಕು, ದೀಪ ಹತ್ತುವುದನ್ನು ಇಬ್ಬರೂ ನೋಡಬೇಕು, ಏನೂ ಮಾತಾಡದಿದ್ದರೂ ಸರಿ.

ಪಿಂಚಣಿಯ ವರ್ಷ ಹತ್ತಿರವಾದಾಗ ಅವಳು ಎರಡನೆಯ ದಿಂಬು ಕೊಂಡುತಂದು, ಹಳೆಯ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಳು. ಅದಕ್ಕೆ ಚೀಲ ಹೊಲಿಯಲಿಲ್ಲ. ಆಸ್ಪತ್ರೆಯಲ್ಲಿ ಯಾರ್ಯಾರ ತಲೆಗೋ ದಿಂಬಿನ ಚೀಲ ಹೊಲಿದವಳು, ಇದಕ್ಕೆ ಮಾತ್ರ ಅವನು ಮನೆಗೆ ಬಂದ ದಿನವೇ ಹೊಲಿಯುತ್ತೇನೆಂದು ಬಟ್ಟೆ ಕತ್ತರಿಸಿ ಇಟ್ಟುಕೊಂಡಳು.

ಆಮೇಲೆ ಮಾತು ಶುರುವಾಯಿತು. ಪಿಂಚಣಿಯ ವಯಸ್ಸು ಏರಿಸಬೇಕೋ ಬೇಡವೋ ಎಂದು ರೇಡಿಯೊದಲ್ಲಿ ದಿನಾ ಯಾರಾದರೂ ವಾದಿಸುತ್ತಿದ್ದರು. ಪಕ್ಕದ ಮನೆಯ ಗುಮಾಸ್ತರಿಗೂ ನೀರಣ್ಣನ ವಯಸ್ಸೇ. ಅವರಿಗೆ ಏರಿದರೆ ಹಬ್ಬ.

"ಏರ್ಲಿ ಬಿಡಮ್ಮ. ಜನ ಮೊದಲಿಗಿಂತ ಜಾಸ್ತಿ ದಿನ ಬದುಕ್ತಿದಾರೆ. ಕೊಡೋ ಕೈ ಕಮ್ಮಿ ಆಯ್ತು, ತಗೊಳ್ಳೋ ಕೈ ಜಾಸ್ತಿ ಆಯ್ತು. ಸರ್ಕಾರ ಎಲ್ಲಿಂದ ತಂದೀತು?" ಎಂದರು ಗೋಡೆಯ ಮೇಲಿಂದ.

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ನನಗೂ ಏರಿದ್ರೇ ಒಳ್ಳೇದು ಕಣಕ್ಕ. ನಿಮಗೆ ನಿಮ್ಮೋರು ಮನೇಗೆ ಬಂದ್ರೆ ಸಾಕು, ನನಗೆ ಇವರು ಹೊರಗೆ ಹೋದ್ರೆ ಸಾಕು."

"ಕೇಳಿದ್ರಾ, ಇದಕ್ಕೇ ನಾನು ಆಫೀಸು ಬಿಡಲ್ಲ ಅನ್ನೋದು," ಎಂದು ಗುಮಾಸ್ತರು ನಕ್ಕರು.

ಹೊಲಿಗೆಯಕ್ಕನೂ ನಕ್ಕಳು. ಜನ ಜಾಸ್ತಿ ದಿನ ಬದುಕುತ್ತಾರೆಂಬ ಗುಮಾಸ್ತರ ಮಾತು ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ಆಸ್ಪತ್ರೆಯಲ್ಲಿ ಮುದುಕರ ವಾರ್ಡಿನ ಹಾಸುಬಟ್ಟೆಗಳು ವರ್ಷ ವರ್ಷಕ್ಕೂ ಹೆಚ್ಚುತ್ತಿರುವುದನ್ನು ಅವಳೇ ಕಂಡಿದ್ದಳು. ಆದರೂ ಕೇಳಿದಳು.

"ಜಾಸ್ತಿ ಬದುಕೋದು ಸರಿ ಅಣ್ಣ. ಆ ಜಾಸ್ತಿ ಬಂದಿದ್ದು ಕೊನೇಲಿ ಅಲ್ವಾ? ಸರ್ಕಾರ ತಗೊಳ್ಳೋದು ಮೊದಲಿಂದು. ಕಣ್ಣು ಕಾಣೋ ವರ್ಷ ತಗೊಂಡು, ಕಣ್ಣು ಕಾಣದಿರೋ ವರ್ಷ ಕೊಟ್ರೆ ಲೆಕ್ಕ ಸರಿಹೋಯ್ತಾ?"

ಗುಮಾಸ್ತರು ಗೋಡೆಯ ಮೇಲೆ ಮೊಣಕೈ ಊರಿದರು. "ನನಗೆ ಫ್ಯಾನಿನ ಕೆಳಗೆ ಕುರ್ಚಿ ಇದೆ. ನೀರಣ್ಣನದು ಬೇರೆ, ಒಪ್ಪಿದೆ. ಆದ್ರೆ ಕಾನೂನು ಒಬ್ಬೊಬ್ಬರ ಮನೆಗೆ ಬಂದು ಅಳತೆ ತಗೊಳ್ಳೋಕಾಗುತ್ತಾ, ನಿಮ್ಮ ಹಾಗೆ?"



ವಯಸ್ಸು ಎರಡು ವರ್ಷ ಏರಿತು. ಹೊಲಿಗೆ ಕೋಣೆಯ ರೇಡಿಯೊ ಹೇಳಿದಾಗ ಅವಳ ಕಾಲು ಯಂತ್ರದ ಪೆಡಲು ತುಳಿಯುತ್ತಲೇ ಇತ್ತು. ನಿಲ್ಲಿಸಿ ನೋಡಿದರೆ ಅಂಗಿಯ ತೋಳಿನ ಬಾಯಿಯನ್ನೇ ಹೊಲಿದು ಮುಚ್ಚಿದ್ದಳು. ಒಂದೊಂದೇ ಹೊಲಿಗೆ ಬಿಚ್ಚುತ್ತ, ಮನೆಯಲ್ಲಿ ಮಲಗಿರುವವನಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸಿದಳು.

ಸಂಜೆ ಹೊಸಿಲ ಮೇಲೆ ಅವನು, "ಕೇಳಿದ್ಯಾ?" ಎಂದ.

"ಏನು?"

"ಏನಿಲ್ಲ, ಹಾಲು ಉಕ್ಕಿಹೋಯ್ತು ಅಂತ."

ಅವನಿಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಅವಳೂ ಬಾಯಿ ಬಿಡಲಿಲ್ಲ. ಹೀಗೇ ನಾಲ್ಕಾರು ದಿನ ಕಳೆದವು. ಕೊನೆಗೊಂದು ಬೆಳಿಗ್ಗೆ ಅವನು ಡಬ್ಬಿ ಇಡುತ್ತ, ಬೀರುವಿನ ಕಡೆ ನೋಡದೆ, "ಆ ಮೇಲಿರೋದು ಇನ್ನೆರಡು ವರ್ಷ ಅಲ್ಲೇ ಇರ್ಲಿ ಬಿಡು. ಇಲಿ ಕಡೀದಂಗೆ ನೋಡ್ಕೋ," ಎಂದ. ದಿಂಬಿನ ವಿಷಯ ಅವನಿಗೆ ತಿಳಿದಿದೆಯೆಂದು ಅವಳು ಅಂದುಕೊಂಡಿರಲಿಲ್ಲ.

ಮಗಳು ಬಂದು ಕೂಗಾಡಿದಳು. "ಬಿಟ್ಟುಬಿಡಪ್ಪ ಕೆಲಸ. ಪಿಂಚಣಿ ಬರೋತನಕ ನಾವು ನೋಡ್ಕೊಳ್ಳಲ್ವಾ?"

"ಎರಡು ವರ್ಷ ನಿಮ್ಮನೆ ದಾರಿ ನೋಡ್ಕೊಂಡು ಕೂರೋಕೆ ಇಷ್ಟು ವರ್ಷ ರಾತ್ರಿ ಕಣ್ಣು ಬಿಟ್ಕೊಂಡು ಕೂತಿದ್ನಾ? ಸುಮ್ನಿರು," ಎಂದ ಅವನು, ಮೆತ್ತಗೆ.

ಮಗಳು ಅಮ್ಮನ ಮುಖ ನೋಡಿದಳು. ಬಿಟ್ಟುಬಿಡಿ ಎಂಬ ಮಾತು ಹೊಲಿಗೆಯಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದರೆ ಅವನು ಬಿಟ್ಟುಬಿಡುತ್ತಾನೆ, ಬಿಟ್ಟು ದಿನಾ ತಲೆ ತಗ್ಗಿಸಿ ಊಟಕ್ಕೆ ಕೂರುತ್ತಾನೆ. ಅವಳು ಒಲೆಯ ಮೇಲಿನ ಪಾತ್ರೆ ಇಳಿಸಲು ಎದ್ದು ಹೋದಳು.

ಹಳೆಯ ಲೆಕ್ಕದಂತೆ ಅವನು ಮನೆಗೆ ಬರಬೇಕಾಗಿದ್ದ ತಿಂಗಳು ಮುಗಿಯುತ್ತ ಬಂತು. ತಿಂಗಳ ಕೊನೆಯ ದಿನದ ಬೆಳಿಗ್ಗೆ ಅವನು ಕೀಲಿಕೈಗೆ ಕೈ ಚಾಚಿ, "ಬದಲಿಯವನು ಒಂದು ರಾತ್ರಿ ಒಪ್ಕೊಂಡಿದಾನೆ. ನಾಳೆ ಸಂಜೆ ಬೆಂಚಿನ ಮೇಲೆ ಕೂರೋಣ, ಆಯ್ತಾ? ಮೊರ ಮಾತ್ರ ಇಡಬೇಡ ಅಲ್ಲಿ," ಎಂದ.

ಅವಳು ಕೀಲಿಕೈ ಅವನ ಕೈಗೆ ಹಾಕಿದಳು. ಹೂಂ ಎಂದು ತಲೆ ಆಡಿಸಿ ಹೊರಟುಬಿಟ್ಟಳು. ಕೇಳಬೇಕಾದದ್ದನ್ನು ಕೇಳಲಿಲ್ಲ.

ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ನಾಳೆ ಹೊಸ ತಿಂಗಳ ಮೊದಲ ದಿನ, ಹಳೆಯ ಕಾನೂನಿದ್ದಿದ್ದರೆ ಅವನು ಪೂರ್ತಿ ಮನೆಯವನಾಗಿರುತ್ತಿದ್ದ ದಿನ. ಅದಕ್ಕೇ ಆರಿಸಿದ್ದಾನೆ ಎಂದುಕೊಂಡಳು. ದೊಡ್ಡ ನರ್ಸಮ್ಮನ ಹತ್ತಿರ ಹೋಗಿ ನಾಳೆಗೆ ರಜೆ ಕೇಳಿದಳು. ಆಪರೇಷನ್ ಕೋಣೆಯ ಹಸಿರು ಬಟ್ಟೆಗಳ ರಾಶಿ ತೋರಿಸಿ, "ಅಷ್ಟು ಮುಗಿಸಿ ಹೋಗಕ್ಕ, ನಾಳೆ ನಿನ್ನ ಮುಖ ನೋಡಲ್ಲ," ಎಂದರು ಆಕೆ. ಎಲ್ಲರೂ ಹೋದ ಮೇಲೂ ಹೊಲಿಗೆಯಕ್ಕ ಕೂತು ಅಂಚು ಹೊಲಿದಳು. ಇವತ್ತು ತಡವಾದರೇನು, ಅವನು ಕೀಲಿಕೈಯನ್ನು ಗುಮಾಸ್ತರ ಮನೆಯಲ್ಲಿ ಕೊಟ್ಟು ಹೋಗಿರುತ್ತಾನೆ. ನಾಳೆಯಂತೂ ಇದೆ.

ಬೀದಿಯ ತಿರುವಿಗೆ ಬಂದಾಗ ದೀಪ ಬೆಳ್ಳಗೆ ನಿಂತಿತ್ತು. ಅದರ ಕೆಳಗೆ ಬೆಂಚಿನ ಅರ್ಧದಲ್ಲಿ ಅವನು ಕೂತಿದ್ದ, ಒಗೆದ ಬಿಳಿ ಅಂಗಿ ಹಾಕಿ, ತಲೆಗೆ ನೀರು ಹಚ್ಚಿ ಬಾಚಿಕೊಂಡು. ಪಕ್ಕದಲ್ಲಿ ಎರಡು ಚಹಾ ಲೋಟ. ಒಂದು ಖಾಲಿಯಾಗಿತ್ತು, ಇನ್ನೊಂದರ ಮೇಲೆ ತಟ್ಟೆ ಮುಚ್ಚಿತ್ತು.

ಅವಳು ಕಂಬಕ್ಕೆ ಕೈ ಕೊಟ್ಟು ನಿಂತಳು. "ನಾಳೆ ಅಂದ್ರಲ್ಲ ರೀ."

"ಮಲಗಿ ಎದ್ದೆನಲ್ಲ," ಎಂದ ಅವನು. ಆಮೇಲೆ ಅವನಿಗೇ ಹೊಳೆಯಿತು. "ಯಾರ ನಾಳೆ ಅಂತ ನೀನು ಕೇಳ್ಲಿಲ್ಲ."

"ನೀವೂ ಹೇಳ್ಲಿಲ್ಲ."

ಮೊದಲು ನಕ್ಕವನು ಅವನು. ತಣ್ಣಗಾದ ಚಹಾ ಅವಳು ಹಾಗೇ ಕುಡಿದಳು. "ದೀಪ ಹೆಂಗೆ ಹತ್ತಿತು?" ಎಂದು ಕೇಳಿದಳು. "ಹತ್ತಿತು, ಇನ್ನೇನು. ನಾನು ತಿರುವಿನ ಕಡೆ ನೋಡ್ತಿದ್ದೆ, ಸರಿಯಾಗಿ ನೋಡ್ಲಿಲ್ಲ," ಎಂದ. ಹಸಿರು ಬಟ್ಟೆಗಳ ದಣಿವು ಅವಳನ್ನು ಉಂಡ ತಟ್ಟೆಯ ಮುಂದೆಯೇ ತೂಕಡಿಸುವಂತೆ ಮಾಡಿತು. ಅವನು ಎಂದಿನ ಹಾಗೆ ಬೆಳಗಾಗುವವರೆಗೂ ಎಚ್ಚರವಿದ್ದ.

ಬೆಳಿಗ್ಗೆ ಅವನು ಮಂಚಕ್ಕೆ ಹೋದ. ಅವಳಿಗೆ ರಜೆ, ಹೋಗಲು ಎಲ್ಲೂ ಇಲ್ಲ. ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ನಿಂತಳು. ಆಮೇಲೆ ಮಣೆ ಹತ್ತಿ ಬೀರುವಿನ ಮೇಲಿನ ಗಂಟು ಇಳಿಸಿದಳು. ಚೀಲವಿಲ್ಲದ ದಿಂಬನ್ನು ಅವನ ದಿಂಬಿನ ಪಕ್ಕಕ್ಕೆ ಒತ್ತಿ, ಹಾಡಹಗಲಿನಲ್ಲಿ, ಅಂಚಿನಲ್ಲಿ ಮುದುಡಿಕೊಂಡು ಮಲಗಿದಳು.

ಅವನು ಕಣ್ಣು ತೆರೆಯದೆ ಗೋಡೆಯ ಕಡೆ ಸರಿದು ಜಾಗ ಮಾಡಿದ.

ಅವಳಿಗೆ ನಿದ್ದೆ ಬರಲಿಲ್ಲ. ಗುಜರಿಯವನು ಕೂಗುತ್ತ ಹೋದ. ಯಾರೋ ಬೀದಿಯಲ್ಲಿ ಕೊಡ ಉರುಳಿಸಿದರು. ಗುಮಾಸ್ತರ ಹೆಂಡತಿ ಯಾರನ್ನೋ ಬೈದಳು. ಶಾಲೆಯ ಗಂಟೆ, ಮಕ್ಕಳ ಗದ್ದಲ, ಲಾರಿಯ ಹಾರನ್ನು. ಇಷ್ಟೆಲ್ಲ ಗಲಾಟೆಯ ನಡುವೆ ಈ ಮನುಷ್ಯ ಇಷ್ಟು ವರ್ಷ ಹೇಗೆ ಮಲಗಿದ, ಒಂದು ದಿನವೂ ದೂರು ಹೇಳಲಿಲ್ಲವಲ್ಲ ಎಂದುಕೊಂಡಳು. ಅವನ ಉಸಿರು ಹೋಗುವುದನ್ನೂ ಬರುವುದನ್ನೂ ಕೇಳುತ್ತ ಕೇಳುತ್ತ, ಯಾವಾಗಲೋ ಅವಳಿಗೂ ಕಣ್ಣು ಹತ್ತಿತು.

"ಏಳು, ಏಳೇ. ದೀಪ ಹತ್ತೋ ಹೊತ್ತಾಯ್ತು," ಎಂದು ಅವನು ಭುಜ ಅಲುಗಿಸಿದಾಗ ಕಿಟಕಿಯ ಬೆಳಕು ಮಂಕಾಗಿತ್ತು. ಅವನು ಆಗಲೇ ಪಂಪುಮನೆಯ ಖಾಕಿ ಅಂಗಿ ಹಾಕಿ, ಡಬ್ಬಿ ತುಂಬಿಕೊಂಡಿದ್ದ. ಇಬ್ಬರೂ ಹೋಗಿ ಬೆಂಚಿನ ಮೇಲೆ ಕೂತರು. ಡಬ್ಬಿ ಅವನ ತೊಡೆಯ ಮೇಲಿತ್ತು.

ದೀಪ ಹತ್ತಲಿಲ್ಲ.

"ಇವತ್ತು ಅದಕ್ಕೂ ತಡ," ಎಂದಳು.

"ಅದರ ವಯಸ್ಸೂ ಏರಿಸಿರ್ಬೇಕು."

ಅವಳು ನಗುತ್ತ ಕಂಬದ ಕಡೆಯೇ ನೋಡಿದಳು. ಹಕ್ಕಿಗಳು ಅಡಗಿದವು. ಎದುರುಮನೆಯವರು ಒಳಗಿನ ದೀಪ ಹಾಕಿದರು. ಅವನು ಹೊರಡುವ ಹೊತ್ತು ಮೀರಿತ್ತು, ಆದರೂ ಏಳಲಿಲ್ಲ. ಅವನ ಹೆಬ್ಬೆರಳು ಡಬ್ಬಿಯ ಹಿಡಿಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ತಾನು ಹೋಗದೆ ಹಗಲು ಪಾಳಿಯವನು ಮನೆಗೆ ಹೋಗುವಂತಿಲ್ಲ, ಅವನಿಗೂ ಮನೆಯಲ್ಲಿ ಹೆಂಡತಿಯಿದ್ದಾಳೆ. ಆ ಯೋಚನೆಯನ್ನು ಅವಳು ಅವನ ಬೆರಳಿನಲ್ಲೇ ಕಂಡಳು.

"ಹೋಗಿ," ಎಂದಳು. "ಅವನು ಕಾಯ್ತಿರ್ತಾನೆ."

ಅವನು ಎದ್ದ. ಕೀಲಿಕೈ ಅವಳ ಅಂಗೈಯಲ್ಲಿಟ್ಟು, ಎಂದಿಗಿಂತ ತುಸು ಹೆಚ್ಚು ಹೊತ್ತು ಹಿಡಿದು, ಬೀದಿಗಿಳಿದ. ಅವನು ತಿರುವು ಮುಟ್ಟುವಷ್ಟರಲ್ಲಿ ಕಂಬದ ಮೇಲೆ ಕೆಂಪಗೆ ಮಿಣುಕಿತು. ಅವನು ನಿಂತು ತಿರುಗಿದ. ಅವಳು ಬೆಂಚಿನಿಂದ, ಅವನು ತಿರುವಿನಿಂದ, ದೀಪ ಹೋಗಲೋ ಇರಲೋ ಎಂದು ಅನುಮಾನಿಸುವುದನ್ನು ನೋಡಿದರು. ಅದು ಬೆಳ್ಳಗೆ ನಿಂತಿತು. ಅವನು ಡಬ್ಬಿ ಹಿಡಿದ ಕೈ ಎತ್ತಿ ಏನೋ ಹೇಳಿದ. ಅಷ್ಟು ದೂರಕ್ಕೆ ಅವಳಿಗೆ ಕೇಳಿಸಿದ್ದು ನಾಳೆ ಎಂಬುದೊಂದೇ.

"ಯಾರ ನಾಳೆ?" ಎಂದು ಕೂಗಿದಳು. ಅವನು ಆಗಲೇ ತಿರುವು ದಾಟಿದ್ದ.

ಹೊಲಿಗೆಯಕ್ಕ ಒಳಗೆ ಹೋದಳು. ದಿಂಬನ್ನು ಮತ್ತೆ ಸೀರೆಯಲ್ಲಿ ಸುತ್ತಲಿಲ್ಲ. ಕತ್ತರಿಸಿ ಇಟ್ಟಿದ್ದ ಬಟ್ಟೆಯನ್ನೂ ಸೂಜಿದಾರವನ್ನೂ ತಂದು, ಬೆಂಚಿನ ತನ್ನ ಅರ್ಧದಲ್ಲಿ ಕೂತು, ಆ ದೀಪದ ಬೆಳಕಿಗೆ ದಾರ ಪೋಣಿಸಿದಳು.