ಡಾರ್ಕಸ್ಸಳ ಪಾಲಿಗೆ ಬಂದ ಉಗಿಯಂತ್ರ

ಉಗಿಯಂತ್ರದ ಪುಸ್ತಕ ಡಾರ್ಕಸ್ ಆಕ್ರಾಯ್ಡಳ ಮನೆ ಸೇರಿದ್ದು ಅನ್ಯಾಯ. ಇವತ್ತಿಗೂ ಹಾಗೇ ಹೇಳುತ್ತೇನೆ. ಆಕೆಯ ಮನೆಯಲ್ಲಿ ಉಗಿ ಅಂತ ಏಳುತ್ತಿದ್ದದ್ದು ಚಹದ ಕೆಟಲಿನಿಂದ ಮಾತ್ರ. ಸಾಲದ್ದಕ್ಕೆ ಆಕೆಗೆ ಓದಲು ಬರುತ್ತಿರಲಿಲ್ಲ.

ಜನಸಾಮಾನ್ಯರ ತಿಳಿವಳಿಕೆಗೆಂದು ವಾರವಾರ ತೆಳುವಾದ ಕಂತುಗಳಲ್ಲಿ ಬರುತ್ತಿದ್ದ ಪುಸ್ತಕಮಾಲೆ ಅದು. ನಮ್ಮ ಯಾರ್ಕ್‌ಷೈರಿನ ಗುಡ್ಡದ ಬೀದಿಯಲ್ಲಿ ಒಂಟಿಯಾಗಿ ತರಿಸುವ ಶಕ್ತಿ ಯಾರಿಗೂ ಇರಲಿಲ್ಲ, ಐದು ಮನೆಯವರು ಸೇರಿ ತರಿಸಿದೆವು. ಮಾಲೆ ಮುಗಿದ ಮೇಲೆ ವಿಷಯಕ್ಕೊಂದರಂತೆ ಐದು ಸಂಪುಟ ಹೊಲಿಸಿ, ನಮ್ಮ ಪುಟ್ಟ ಚರ್ಚು ಚಾಪೆಲಿನಲ್ಲಿ ಪ್ರಾರ್ಥನೆ ಮಾಡಿ, ಟೋಪಿಯೊಳಗೆ ಚೀಟಿ ಹಾಕಿ ಎತ್ತಿದೆವು. ನಮ್ಮ ಚಾಪೆಲಿನವರಿಗೆ ಚೀಟಿ ಅಂದರೆ ದೇವರ ತೀರ್ಪು. ಅದಲುಬದಲು ಮಾಡುವಂತಿಲ್ಲ. ಪುಸ್ತಕ ಹೊಸಿಲು ದಾಟುವಂತೆಯೂ ಇಲ್ಲ. ಬೇಕಾದವರು ಆ ಮನೆಗೇ ಹೋಗಿ ಓದಬೇಕು.

ನನಗೆ ಬಂದದ್ದು ಜೇನುಹುಳದ ಸಂಪುಟ. ನಾನು ಮರದಟ್ಟೆಯ ಬೂಟು ಮಾಡುವವನು. ಕೆಳಗಿನ ಉಣ್ಣೆ ಗಿರಣಿಯಲ್ಲಿ ಉಗಿಯಂತ್ರ ನೋಡಿಕೊಳ್ಳುವ ಮುದುಕ ಬೇಸಿಗೆಯಲ್ಲಿ ಕೆಲಸ ಬಿಡುವವನಿದ್ದ. ಆ ಜಾಗ ನನಗೆ ಬೇಕಿತ್ತು, ಮನೆಯಲ್ಲಿ ನಾಲ್ಕು ಮಕ್ಕಳು. ಚಾಪೆಲಿನಲ್ಲೇ ಕೂಗಾಡಿಬಿಟ್ಟೆ. ಡಾರ್ಕಸ್ ನಿಧಾನವಾಗಿ ತನ್ನ ಚೀಟಿ ಮಡಿಸಿದಳು.

"ದೇವ್ರು ಸರ್ಯಾಗೇ ಹಂಚವ್ನೆ ಕಣೋ ಜೋನಸ್. ಕಚ್ಚೋನಿಗೇ ಜೇನು."

ಬೀದಿಯೆಲ್ಲ ನಕ್ಕಿತು. ತಿಂಗಳುಗಟ್ಟಲೆ ನನ್ನನ್ನು ಕಂಡವರು ಗುಂಯ್ ಅನ್ನುತ್ತಿದ್ದರು.

ಡಾರ್ಕಸ್ಸಳ ಗಂಡ ಕೈಯಲ್ಲಿ ಉಣ್ಣೆ ಬಾಚುತ್ತಿದ್ದವನು. ಬಾಚುವ ಯಂತ್ರ ಬಂದು ಕೆಲಸ ಹೋಯಿತು. ಕೂತಲ್ಲೇ ಕೊರಗಿ ಸತ್ತ. ಆಮೇಲೆ ಆಕೆ ಕಾಲುಚೀಲ ಹೆಣೆದು ಬದುಕಿದಳು. ಮಕ್ಕಳಿಲ್ಲ. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಹೋಗಿಬರುವವರನ್ನೆಲ್ಲ ಒಂದು ಮಾತು ಅನ್ನುವುದು ಆಕೆಯ ದಿನಚರಿ. ಅನ್ನಿಸಿಕೊಳ್ಳದೆ ಹೋದವರಿಗೆ ಏನೋ ಮರೆತುಬಂದಂತೆ ಆಗುತ್ತಿತ್ತು.

ಹಮ್ಮು ನುಂಗಿಕೊಂಡು ಒಂದು ಸಂಜೆ ಹೋದೆ. ಬಾಯ್ಲರಿನ ಅಧ್ಯಾಯ ಮಾತ್ರ ನೋಡಿಕೊಂಡು ಹೋಗುತ್ತೇನೆ ಅಂದೆ. ಆಕೆ ಪುಸ್ತಕದ ಮೇಲೆ ಅಂಗೈ ಊರಿದಳು.

"ನನ್ ಗಂಡನ್ನ ಮೂಲೇಗ್ ಕೂರ್ಸಿದ್ದು ಇದೇ ತಾನೆ? ಇದು ಎಲ್ ಹುಟ್ತು, ಯಾರ್ ಸಾಕಿದ್ರು, ಎಲ್ಲಾ ಕೇಳ್ಬೇಕು ನಾನು. ಮೊದ್ಲಿಂದ ಕೊನೇವರ್ಗೂ ಓದ್ ಹೇಳ್ತೀಯಾ, ಒಳಗ್ ಬಾ. ಇಲ್ಲಾಂದ್ರೆ ಗಾಳಿ ಬರ್ತದೆ, ಬಾಗ್ಲಾಕ್ಕೊಂಡ್ ಹೋಗು."

ಒಪ್ಪಿದೆ. ನನ್ನ ಓದೋ, ಒಂದೊಂದು ಪದಕ್ಕೂ ಎಡವುವ ಓದು. ಆಕೆ ಹೆಣೆಯುತ್ತಾ ಮಾತುಮಾತಿಗೂ ತಡೆಯುತ್ತಿದ್ದಳು. ಯಾರೋ ಒಬ್ಬ ಊಟ ನಿದ್ದೆ ಬಿಟ್ಟು ಉಗಿ ಬಿಡುವ ಕವಾಟ ತಿದ್ದಿದನೆಂದು ಓದಿದರೆ, ಅವನ ಹೆಂಡತಿ ಮಾಡಿಟ್ಟ ಸಾರು ಏನಾಯಿತು ಅಂತ ಕೇಳುವಳು. ಪುಸ್ತಕದಲ್ಲಿ ಇಲ್ಲ ಅಂದರೆ, ಬರೆದವನಿಗೆ ಬುದ್ಧಿ ಇಲ್ಲ ಅನ್ನುವಳು. ನಾನು ಸಿಟ್ಟಾಗಿ ಎದ್ದು ಹೋಗಿ, ಬೀದಿ ಕೊನೆ ಮುಟ್ಟಿ ವಾಪಸಾಗುತ್ತಿದ್ದೆ. ಅಷ್ಟರಲ್ಲಿ ಓಟ್ಸ್ ರೊಟ್ಟಿಗೆ ಕಾಕಂಬಿ ಸವರಿ ಇಟ್ಟಿರುತ್ತಿದ್ದಳು. ತಿಂದು, ನಿಲ್ಲಿಸಿದ ಸಾಲಿನಿಂದ ಮತ್ತೆ ಓದುತ್ತಿದ್ದೆ.

ಬಾಯ್ಲರಿನ ಅಧ್ಯಾಯ ಮುಟ್ಟುವಷ್ಟರಲ್ಲಿ ವಸಂತ ಬಂದಿತ್ತು. ಗಿರಣಿಯ ಮ್ಯಾನೇಜರು ಆ ಕೆಲಸಕ್ಕೆಂದು ನನ್ನನ್ನು ಕರೆಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದ. ನನ್ನ ಸಿಟ್ಟಿನ ಸುದ್ದಿ ಅವನಿಗೆ ಗೊತ್ತಿತ್ತು, ಯಾವಾಗ ಸಿಡಿಯುತ್ತಾನೋ ಅಂತ ಕಾಯುತ್ತಿದ್ದ. ಡಾರ್ಕಸ್ಸಳ ಎದುರು ಚಳಿಗಾಲ ಕಳೆದವನಿಗೆ ಆ ಬೆಂಚು ಯಾವ ಲೆಕ್ಕ? ಕೊನೆಗೆ ಒಳಗೆ ಕರೆದು, ನೀರು ಇಳಿದರೆ ಏನು ಮಾಡುತ್ತೀ, ಉಗಿ ಏರಿದರೆ ಏನು ಮಾಡುತ್ತೀ ಅಂತ ಕೇಳಿದ. ಹೇಳಿದೆ. ಕೆಲಸ ಸಿಕ್ಕಿತು.

ಆ ಭಾನುವಾರ ನೇರವಾಗಿ ಡಾರ್ಕಸ್ಸಳಲ್ಲಿಗೆ ಹೋದೆ. ಮಾತಿನಂತೆ ಓದಬೇಕಾದ್ದು ಇನ್ನು ಕೊನೆಯ ಒಂದೇ ಅಧ್ಯಾಯ. ಪುಟ ತೆರೆದರೆ ದೊಡ್ಡ ಚಿತ್ರ: ಉಗಿಯಿಂದ ನಡೆಯುವ ಉಣ್ಣೆ ಬಾಚುವ ಯಂತ್ರ. ಆಕೆ ಹೆಣಿಗೆ ನಿಲ್ಲಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಪುಸ್ತಕ ಮುಚ್ಚಿದಳು.

"ಇದ್ ಬ್ಯಾಡ."

ಇದಕ್ಕೇ ತಾನೆ ಇಷ್ಟು ದಿನ ಕೂತದ್ದು ಅಂತ ನಾನು ಕೆರಳಿದೆ.

"ಇದೂ ಅರ್ಥ ಆಗೋದ್ರೆ ಆಮೇಲ್ ಯಾರ್ನ ಬೈಲೋ ನಾನು? ರೊಟ್ಟಿ ತಿನ್ನು."

ಮುಂದಿನ ವರ್ಷಗಳಲ್ಲಿ ಎಷ್ಟೋ ಭಾನುವಾರ ಹೋದೆ. ಇವತ್ತು ಮುಗಿಸಿಬಿಡೋಣ ಅಂದಾಗಲೆಲ್ಲ ಒಲೆಯ ಹೊಗೆ ಅನ್ನುವಳು, ಹೆಣಿಗೆ ತಪ್ಪಿತು ಅನ್ನುವಳು, ಓದುವ ನನಗೇ ಗಂಟಲು ಕಟ್ಟಿದೆ ಅಂತಲೂ ಅಂದಳು. ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಕೊನೆವರೆಗೂ ಓದಿ ಹೇಳುತ್ತೇನೆ ಅಂತ ಮಾತು ಕೊಟ್ಟವನು ನಾನು. ಒಂದು ಅಧ್ಯಾಯ ಬಾಕಿ ಉಳಿದಿದೆ.