ಹೊಟ್ಟೆ ತುಂಬದ ದಿಂಬು

ನಮ್ಮ ಕಬ್ಬೂರಿನಲ್ಲಿ ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುವವರು ಬಹಳ ಜನ ಇದ್ದರು. ಆದರೆ ಹೊಳೆವ್ವನ ಕೌದಿಯನ್ನು ಕತ್ತಲಲ್ಲಿ ಮುಟ್ಟಿದರೂ ಗುರುತು ಹಿಡಿಯಬಹುದಿತ್ತು. ಒಂದು ಗೇಣಿಗೆ ಇಪ್ಪತ್ತೆರಡು ಹೊಲಿಗೆ. ಇಪ್ಪತ್ತೊಂದಲ್ಲ, ಇಪ್ಪತ್ತಮೂರಲ್ಲ, ನಾನೇ ಎಣಿಸಿದ್ದೇನೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನನ್ನ ಗಂಡ ತೀರಿಕೊಂಡ ಮೇಲೆ ಮಧ್ಯಾಹ್ನವೆಲ್ಲ ಅವಳ ಕಟ್ಟೆಯ ಮೇಲೇ ಕೂರುತ್ತಿದ್ದೆ. ಅವಳ ಕಣ್ಣು ಮಂಜಾಗಿತ್ತು, ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಕೆಲಸ.

ಅವಳದೊಂದು ಪದ್ಧತಿ ಇತ್ತು. ಕೌದಿಯ ಮೂರು ಮೂಲೆ ಮುಗಿಸಿ, ನಾಲ್ಕನೆಯದನ್ನು ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಡುತ್ತಿದ್ದಳು. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದಳು. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ.

"ಇಡದಿದ್ರ ಏನಾಗ್ತೈತಿ ಬೇ?" ಎಂದು ಒಮ್ಮೆ ಕೇಳಿದೆ.

"ಹಸದ ಕೌದಿ ಹೊದ್ಕೊಂಡವ್ರನ್ನ ಉಣ್ತೈತಿ."

"ಕೌದಿಗೆ ಹಲ್ಲ ಎಲ್ಲಿದಾವ?"

"ಹಲ್ಲ ನನಗೂ ಇಲ್ಲ. ನಾ ಉಣ್ಣಾಂಗಿಲ್ಲೇನ ಲಗಮಿ?" ಎಂದು ಬೊಚ್ಚುಬಾಯಿ ತೆರೆದು ನಕ್ಕಳು.

ಸಾವಿರದ ಒಂಬೈನೂರ ತೊಂಬತ್ತೊಂದರ ದೀಪಾವಳಿ ಮುಗಿದು ಹನ್ನೆರಡು ದಿನವಾಗಿತ್ತು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿ ಬಾಪುಸಾಹೇಬರ ಹೆಂಡತಿ ಚಂದ್ರಮತಿ ಜೀಪಿನಲ್ಲಿ ಬಂದಳು. ಜೈನರು, ದೊಡ್ಡ ಮನೆತನ. ತೀರಿಕೊಂಡ ಅತ್ತೆಯ ಎರಡು ಇಳಕಲ್ಲ ಸೀರೆ ತಂದಿದ್ದಳು. ಅವಳಿಗೆ ಬೇಕಾಗಿದ್ದು ಕೌದಿಯಲ್ಲ, ದಿಂಬು.

"ಕೊಲ್ಹಾಪುರದಾಗ ನಮ್ಮ ಬಳಗದವ್ರು ಸೋಫಾದ ಮ್ಯಾಲ ಕೌದಿ ಕೆಲಸದ ದಿಂಬ ಇಟ್ಟಾರ. ಹಂಗ ಬರೋಬರ ಒಂದ ಹೊಲಿದ ಕೊಡ, ಹೊಳೆವ್ವ. ಮಗಳು ಭಾಳ ಆಸೆಪಟ್ಟಾಳ."

ಹೊಳೆವ್ವ ಜೀವಮಾನದಲ್ಲಿ ದಿಂಬು ಹೊಲಿದಿರಲಿಲ್ಲ. ಆದರೂ ಒಪ್ಪಿದಳು. ಎರಡು ಗೇಣಿನ ಚೌಕ. ನಡುವೆ ಸೀರೆಯ ಸೆರಗಿನ ಕೆಂಪು ತುಂಡು, ಅದರ ಸುತ್ತ ಎಂಟು ಮೂರುಮೂಲೆಯ ತುಂಡು, ಒಂದು ಬಿಟ್ಟು ಒಂದು ಕಪ್ಪು, ಹಳದಿ. ಅವಳ ಎಲ್ಲ ಕೌದಿಗಳ ನಡುವೆ ಬರುತ್ತಿದ್ದ ಚಿತ್ರವೇ ಅದು. ಅದರ ಕೆಳಗೆ ಹಳೆಯ ಧೋತರದ ಎರಡು ಪದರ ಕೊಟ್ಟು, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದಳು. ಏಳು ದಿನ ಹಿಡಿಯಿತು. ಎಂಟನೆಯ ದಿನ ಬೆನ್ನಿಗೆ ಬಟ್ಟೆ ಕೂಡಿಸಿ ಹತ್ತಿ ತುಂಬಿ, ಕೊನೆಯ ಮೂಲೆಯಲ್ಲಿ ಬೆಲ್ಲ ರೊಟ್ಟಿ ಇಡುವ ಹೊತ್ತಿಗೆ ಸರಿಯಾಗಿ ಚಂದ್ರಮತಿ ಬಂದು ನಿಂತಳು.

"ಏನ್ ಇಡಾಕತ್ತೀ ಅದರಾಗ? ತೆಗಿ, ತೆಗಿ! ಇರಿವಿ ಬರ್ತಾವ, ಹುಳ ಆಗ್ತಾವ. ಮ್ಯಾಲ ಒರಗಿದ್ರ ಎಲ್ಲಾ ಸಾಯ್ತಾವ. ಆ ಪಾಪ ನಮಗ್ಯಾಕ?"

"ಇಡದಿದ್ರ ಹಸದಿರ್ತೈತ್ರಿ ಅಕ್ಕಾರ."

"ದಿಂಬಿಗೆಂಥಾ ಹಸಿವು? ಇದೇನ್ ಕೌದಿ ಐತೇನ?"

ಹೊಳೆವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಕೌದಿಯಂತೂ ಅಲ್ಲ, ನಿಜ. ರೊಟ್ಟಿ ಬೆಲ್ಲ ಎರಡನ್ನೂ ತೆಗೆದು ತನ್ನ ಬಾಯಿಗೆ ಹಾಕಿಕೊಂಡು ಮೂಲೆ ಮುಚ್ಚಿದಳು. ದಿಂಬನ್ನು ಜೀಪಿನವರೆಗೆ ಒಯ್ದವಳು ನಾನು. ಕೈಯಲ್ಲಿ ಏನೂ ಇಲ್ಲವೇನೋ ಎನ್ನುವಷ್ಟು ಹಗುರ ಇತ್ತು.

ನಾಲ್ಕು ತಿಂಗಳಾದ ಮೇಲೆ ಚಂದ್ರಮತಿ ಮತ್ತೆ ಬಂದಳು. ಈ ಸಲ ನೆಲದ ಮೇಲೇ ಕುಸಿದು ಕೂತಳು. ಒಬ್ಬಳೇ ಮಗಳು ಮಂಗಲ, ಹತ್ತನೆಯ ಇಯತ್ತೆ. ಪರೀಕ್ಷೆಗೆ ಓದುವಾಗೆಲ್ಲ ಆ ದಿಂಬನ್ನು ಹೊಟ್ಟೆಗೆ ಅವಚಿಕೊಂಡು ಕೂರುತ್ತಿದ್ದಳಂತೆ. ಮೊದಲು ಎರಡು ರೊಟ್ಟಿ ತಿನ್ನುತ್ತಿದ್ದ ಹುಡುಗಿ ಈಗ ಆರು ತಿನ್ನುತ್ತಾಳೆ, ತಿಂದು ಕೈ ತೊಳೆಯುವುದರೊಳಗೆ ಮತ್ತೆ ಕೇಳುತ್ತಾಳೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಕೈಯೆತ್ತಿದರೆ ಬಳೆ ಮೊಣಕೈ ದಾಟುತ್ತವೆ.

"ಮಿರಜದಾಗ ರಕ್ತಾ ನೋಡಿದ್ರು, ಫೋಟೋ ತೆಗದ್ರು. ಏನೂ ಇಲ್ಲ ಅಂತಾರ. ಹೊಳೆವ್ವ, ನೀ ಅವತ್ತ ಹಸದಿರ್ತೈತಿ ಅಂದಿದ್ದೆಲ್ಲ. ನನ್ನ ಕೂಸ ಉಳಿಸಿಕೊಡ."

ಹೊಳೆವ್ವ ಬ್ಲೇಡು, ಸೂಜಿ, ದಾರ ಸೆರಗಿಗೆ ಕಟ್ಟಿಕೊಂಡು ಎದ್ದಳು. ಕಣ್ಣಿಗೆ ಆಸರೆಯೆಂದು ನನ್ನನ್ನೂ ಕರೆದಳು.

ನಿಪ್ಪಾಣಿಯ ಅವರ ಮನೆಯೊಳಗೆಲ್ಲ ತಂಬಾಕಿನ ಘಾಟು. ಮಂಗಲ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು, ಹೊಟ್ಟೆಯ ಮೇಲೆ ದಿಂಬು. ಮುಖದಲ್ಲಿ ಕಣ್ಣು ಮಾತ್ರ ಉಳಿದಿದ್ದವು.

"ಅಜ್ಜೀ, ತಿನ್ನಾಕ ಏನರ ತಂದೀರೇನ?" ಎಂದಳು.

"ತಂದೀನಿ ತಾಯಿ. ಮೊದಲ ದಿಂಬ ಕೊಡ."

ಕೊಡಲು ಅವಳಿಗೆ ಮನಸ್ಸಿತ್ತು, ಬೆರಳು ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿ ನಾನೇ ಎತ್ತಿದೆ. ಎತ್ತಿದವಳು ಹಾಗೇ ಕೆಳಗೆ ಕೂತೆ. ಆರು ತಿಂಗಳ ಕೂಸಿನ ಭಾರ. ಕೂಸಿನ ಹಾಗೇ ಬೆಚ್ಚಗೂ ಇತ್ತು. ಬಟ್ಟೆ ಉಬ್ಬಿ ಹೊಲಿಗೆಗಳು ಮಾಂಸದಲ್ಲಿ ಹೂತ ದಾರದಂತೆ ಕಾಣುತ್ತಿದ್ದವು.

ಹೊಳೆವ್ವ ಕೊನೆಯ ಮೂಲೆಯ ಮೂರು ಹೊಲಿಗೆ ಕೊಯ್ದಳು. ಒಳಗಿನ ಹತ್ತಿ ನಾದಿದ ಹಿಟ್ಟಿನಂತೆ ಮೆತ್ತಗೆ, ಹಸಿಯಾಗಿ ಇತ್ತು.

"ರೊಟ್ಟಿ ತರ್ರಿ ಅಕ್ಕಾರ. ನೀವ ಇಡಬೇಕು. ಬ್ಯಾಡ ಅಂದ ಬಾಯಿ ನಿಮ್ದು."

ಚಂದ್ರಮತಿ ಬೆಲ್ಲ ರೊಟ್ಟಿ ಹಿಡಿದು ನಿಂತಳು. ಇರುವೆಯನ್ನೂ ತುಳಿಯದೆ ನಡೆಯುವ ಹೆಂಗಸು ಅವಳು. ಮಗಳ ಕಡೆ ನೋಡಿದಳು, ಇಟ್ಟಳು. ಹೊಳೆವ್ವ ಚೂರನ್ನು ಒಳಗೆ ತಳ್ಳಲು ಬೆರಳು ಹಾಕಿ ಥಟ್ಟನೆ ಎಳೆದುಕೊಂಡಳು. ಹೊಲಿಯುವ ಮೊದಲೇ ಆ ಮೂಲೆ ತುಟಿಯಂತೆ ಕೂಡಿಕೊಂಡಿದ್ದನ್ನು ನಾನು ಕಂಡೆ.

"ಇಷ್ಟಕ್ಕ ಸಾಲಾಂಗಿಲ್ಲ ಇದಕ್ಕ," ಎಂದಳು ಹೊಳೆವ್ವ. "ನಾಕ ತಿಂಗಳ ಮನಶ್ಯಾರನ್ನ ಉಂಡೈತಿ. ನಾ ಒಯ್ತೀನಿ."

ಅಷ್ಟರಲ್ಲಿ ಮಂಗಲ ಸೋಫಾದ ಮೇಲೆ ಒರಗಿ ನಿದ್ದೆ ಹೋಗಿದ್ದಳು. ಎಷ್ಟೋ ದಿನದ ಮೇಲೆ ಹೀಗೆ ಮಲಗಿದಳು ಎಂದು ತಾಯಿ ಬಾಗಿಲಲ್ಲಿ ನಿಂತು ಅತ್ತಳು.

ನಮಗೆ ಊಟ ಹಾಕಿದರು. ನಾನು ಮೂರು ರೊಟ್ಟಿ, ಹೆಸರಬೇಳೆ ಪಲ್ಯ, ಎರಡು ಸಲ ಅನ್ನ ಉಂಡೆ. ಬಸ್ಸಿನಲ್ಲಿ ದಿಂಬು ನನ್ನ ತೊಡೆಯ ಮೇಲಿತ್ತು. ಚಿಕ್ಕೋಡಿ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಸ್ಟ್ಯಾಂಡಿನಲ್ಲಿ ಐದು ಬಾಳೆಹಣ್ಣು ತಿಂದೆ. ಆರನೆಯದು ಸುಲಿಯುವಾಗ ಹೊಳೆವ್ವ ನನ್ನ ಮುಖಕ್ಕೆ ಮುಖ ಹತ್ತಿರ ತಂದು ನೋಡಿದಳು.

"ಕೊಡ ಇಲ್ಲೆ. ನಿನ್ನನ್ನೂ ಉಣ್ಣಾಕ ಹತ್ತೈತಿ."

ಮಂಗಲ ಚೇತರಿಸಿಕೊಂಡಳು. ಹದಿನೈದು ದಿನದಲ್ಲಿ ರೊಟ್ಟಿ ಮೂರಕ್ಕೆ ಇಳಿಯಿತು, ಗಲ್ಲ ತುಂಬಿಕೊಂಡವು. ಆ ವರ್ಷ ಪರೀಕ್ಷೆಗೆ ಕೂಡಲಿಲ್ಲ, ಮರುವರ್ಷ ಪಾಸಾದಳು. ಈಗ ರಾಯಬಾಗದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಎರಡು ಮಕ್ಕಳು.

ಹೊಳೆವ್ವ ಮಾತ್ರ ದಿನಾ ತನಗೂ ದಿಂಬಿಗೂ ಸೇರಿ ಇಬ್ಬರ ಅಡುಗೆ ಮಾಡಿದಳು. ಸುಟ್ಟುಬಿಡು ಎಂದು ನಾನು ಎಷ್ಟೋ ಸಲ ಹೇಳಿದೆ. "ಸುಟ್ರ ಹೊಗಿ ಯಾರ ಮನಿಗೆ ಹೊಕ್ಕೈತಿ, ನಿನಗ ಗೊತ್ತೇನ?" ಎನ್ನುತ್ತಿದ್ದಳು. ಕೌದಿಗಳನ್ನು ಹೊಲಿಯುವುದು ಬಿಟ್ಟಳು. ಐದು ವರ್ಷದಲ್ಲಿ ಅವಳ ಮೈ ಒಣಗಿ ನಾರಾಯಿತು. ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು, "ನಾ ಹೊಲದೀನಿ, ನಾನ ಒಯ್ತೀನಿ. ಯಾರ ಕೈಯಾಗೂ ಕೊಡಬ್ಯಾಡ," ಎಂದಳು.

ಅವಳ ಮಾತಿನಂತೆ ಕುಣಿಯಲ್ಲಿ ತಲೆಯಡಿಗೆ ಅದನ್ನೇ ಇಟ್ಟು ಮಣ್ಣು ಕೊಟ್ಟೆವು. ಹೆಣ ಹಗುರ ಇತ್ತು, ದಿಂಬು ಭಾರ ಇತ್ತು. ಎರಡನ್ನೂ ಹೊತ್ತುಕೊಂಡು ಹೋದ ನಾಲ್ವರೂ ಕೆರೆಯಲ್ಲಿ ಮಿಂದು ನೇರ ನನ್ನ ಬಾಗಿಲಿಗೆ ಬಂದರು, ನಾಚಿಕೆ ಬಿಟ್ಟು ಊಟ ಕೇಳಿದರು.