ಕೌದಿಯ ನಾಲ್ಕನೆಯ ಮೂಲೆ

ಹಳೆಯ ಸೀರೆಗಳ ರಾಶಿಯ ಮೇಲೆ ಊಟದ ಡಬ್ಬಿ ಇಡಬಾರದು. ನಮ್ಮ ಕೆಲಸದಲ್ಲಿ ಇದು ಮೊದಲ ಪಾಠ. ಎಣ್ಣೆಯ ಕಲೆ ಹತ್ತಿದರೆ ಹೋಗುವುದಿಲ್ಲ. ಆದರೂ ಹೋದ ವಾರ ಜಗತ್ ವೃತ್ತದ ಹತ್ತಿರದ ನನ್ನ ಅಂಗಡಿಯಲ್ಲಿ ಮೇಜಿನ ತುಂಬ ಬಟ್ಟೆ ಹರಡಿದ್ದರಿಂದ ಡಬ್ಬಿಯನ್ನು ಆ ರಾಶಿಯ ಮೇಲೆಯೇ ಇಟ್ಟು ಮುಚ್ಚಳ ತೆಗೆದೆ. ಒಣಗಿದ ಜೋಳದ ರೊಟ್ಟಿಯ ವಾಸನೆ, ಅದರ ಕೆಳಗೆ ನೂರು ಸಲ ಒಗೆದ ನೂಲಿನ ವಾಸನೆ. ಎರಡೂ ಕೂಡಿ ಬಂದಾಗ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಕಮಲಾಪುರದಲ್ಲಿ ಆಯಿಯ ಮನೆಯ ಕಟ್ಟೆಗೆ ಇದೇ ವಾಸನೆಯಿತ್ತು…

ಆಯಿ ನನಗೆ ಬಳಗವಲ್ಲ. ಕೌದಿ ಹೊಲಿಯುವ ಮುದುಕಿ. ಆ ಓಣಿಯಲ್ಲಿ ಎಲ್ಲರೂ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಊರಿನ ಅರ್ಧ ಮನೆಗಳ ಹರಿದ ಸೀರೆ, ಧೋತರಗಳು ಆಕೆಯ ಕೈಯಲ್ಲಿ ಹೊದೆಯುವ ಕೌದಿಯಾಗಿ ಅವೇ ಮನೆಗಳಿಗೆ ವಾಪಸು ಹೋಗುತ್ತಿದ್ದವು.

ಆಗ ನಾನು ವಸ್ತ್ರ ವಿನ್ಯಾಸದ ಕೋರ್ಸ್ ಮುಗಿಸಿ ಬಂದ ಹೊಸತು. ತಲೆಯ ತುಂಬ ಯೋಚನೆ, ಕೈಯಲ್ಲಿ ಕೆಲಸವಿಲ್ಲ. ಅಪ್ಪನ ಬಟ್ಟೆ ಅಂಗಡಿಯ ಅಟ್ಟದಲ್ಲಿ ಥಾನಿನ ಕೊನೆಯ ತುಂಡುಗಳು, ಶೋಕೇಸಿನಲ್ಲಿ ಬಿಸಿಲಿಗೆ ಮಡಿಕೆ ಮಡಿಕೆಯಾಗಿ ಬಣ್ಣ ಹೋದ ಸೀರೆಗಳು, ಇಲಿ ಕಡಿದ ಪಂಚೆಗಳು ಬಿದ್ದಿದ್ದವು. ಅವುಗಳ ಜೊತೆಗೆ ರೋಜಾ ಬಡಾವಣೆಯ ಕಡೆ ಗಾಡಿಗಳಲ್ಲಿ ಮಾರುವ ಹಳೆ ಬಟ್ಟೆಯನ್ನೂ ಸೇರಿಸಿ ಹೊಸ ಉಡುಪು ಮಾಡುತ್ತೇನೆ ಎಂದಾಗ ಅಪ್ಪ ನಕ್ಕುಬಿಟ್ಟರು. "ಹೊಸಾ ಅರಿವಿ ಮಾರೋ ಮನ್ಯಾಗ ಹುಟ್ಟಿ ಚಿಂದಿ ಆರಸಾಕ ಹೊಂಟಾಳ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದರು. ನನಗೂ ಹಟ. ಕೈಹೊಲಿಗೆ ಗೊತ್ತಿದ್ದವರನ್ನು ಹುಡುಕುತ್ತ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ.

ಮೊದಲ ದಿನ ನಾನು ತೋರಿಸಿದ ಚಿತ್ರಗಳನ್ನು ಆಯಿ ನೋಡಲೇ ಇಲ್ಲ. ನನ್ನ ಗಂಟು ಬಿಚ್ಚಿ ಒಂದೊಂದೇ ಬಟ್ಟೆ ಎತ್ತಿ ಮೂಸಿದಳು. "ತಂಗಿ, ಅರಿವಿ ಮೊದಲ ಮೂಸಿ ನೋಡಬೇಕು. ಬ್ಯಾನಿಯವರ ಹಾಸಗಿ ವಾಸನಿ ಇದ್ದರ ದೂರ ಇಡು" ಎಂದಳು. ನಾನು ಕತ್ತರಿ ತೆಗೆದರೆ ಕೈ ಅಡ್ಡ ತಂದಳು. "ಕತ್ತರಿ ಬ್ಯಾಡ. ಹರಿ. ನೂಲು ಎತ್ತ ಹೋಗತದ, ನೀನೂ ಅತ್ತ ಹೋಗು." ಹರಿಯುವಾಗ ಕಿವಿಗೊಟ್ಟು ಕೇಳುತ್ತಿದ್ದಳು. ಚರ್ರೆಂದು ಸದ್ದಾದ ಬಟ್ಟೆಯಲ್ಲಿ ಇನ್ನೂ ಜೀವ ಇದೆಯೆಂದು ಮೇಲಿನ ಪದರಕ್ಕೆ. ಸದ್ದಿಲ್ಲದೆ ಹರಿದದ್ದು ಒಳಗಿನ ಪದರಕ್ಕೆ. ಮೂರು ವರ್ಷ ಕಾಲೇಜಿನಲ್ಲಿ ಕಲಿತು ಬಂದವಳಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಹೀಗೆ ನಮ್ಮ ಜೋಡಿ ಕೆಲಸ ಶುರುವಾಯಿತು. ನಾನು ಆಕಾರ ಕೊಡುತ್ತಿದ್ದೆ, ಯಾವ ಬಣ್ಣದ ಪಕ್ಕ ಯಾವುದು ಎಂಬುದನ್ನು ಆಯಿ ನೋಡುತ್ತಿದ್ದಳು. ಜಗಳವೂ ಆಗುತ್ತಿತ್ತು. ನಾನು ಇಟ್ಟ ಬೂದಿಬಣ್ಣದ ತುಂಡನ್ನು ಆಕೆ ಎತ್ತಿ ಬಿಸಾಕುವುದು, ನಾನು ಮತ್ತೆ ಇಡುವುದು. ಕೊನೆಗೆ ಇಬ್ಬರಿಗೂ ಬೇಡವಾದ ಹಳದಿ ಬಂದು ಕೂರುತ್ತಿತ್ತು, ನೋಡಿದರೆ ಅದೇ ಸರಿ ಇರುತ್ತಿತ್ತು. ಓಣಿಯ ನಾಲ್ವರು ಹೆಂಗಸರೂ ಸೇರಿಕೊಂಡರು. ನಾವು ಹೊಲಿಯುತ್ತಿದ್ದದ್ದು ಕೌದಿಯಂತೆ ಪದರವಿಟ್ಟ ಜಾಕೆಟ್, ಅದಕ್ಕೆ ಆಯಿ ಕೊನೆಯವರೆಗೂ ಅಂಗಿ ಎಂದೇ ಅಂದಳು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ. ಹೊರಡುವಾಗ ಕೈಗೆ ಎರಡು ಕೆಂಪು ಬಾಳೆಹಣ್ಣು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಹಾಗೆಂದು ಆಗ ಗೊತ್ತಾಗಲಿಲ್ಲ.

ಕೌದಿಗೆ ಉಣಿಸುವುದನ್ನು ನೋಡಿದ್ದೂ ಅಲ್ಲಿಯೇ. ಮೂರು ಮೂಲೆ ಹೊಲಿದು ಮುಗಿಸಿ ನಾಲ್ಕನೆಯದನ್ನು ಆಯಿ ತೆರೆದೇ ಇಡುತ್ತಿದ್ದಳು. ಕೌದಿ ಯಾರ ಮನೆಯದೋ ಆ ಮನೆಯ ಹೆಂಗಸು ಬಂದು, ತನ್ನ ಮನೆಯ ರೊಟ್ಟಿಯದೋ ಹೋಳಿಗೆಯದೋ ಚೂರು ಮುರಿದು ಆ ಮೂಲೆಯೊಳಗೆ ಇಡಬೇಕು. ಆಮೇಲೆ ಮೂಲೆ ಮುಚ್ಚುವುದು. "ಹಸದ ಕೌದಿ ಮೈ ಕಾಯಂಗಿಲ್ಲ ತಂಗಿ" ಎಂದಿದ್ದಳು. ನನಗೆ ಅದು ಎಷ್ಟು ಇಷ್ಟವಾಯಿತೆಂದರೆ, ಹೈದರಾಬಾದಿನ ಪ್ರದರ್ಶನದಲ್ಲಿ ನಮ್ಮ ಜಾಕೆಟ್‌ಗಳ ಪಕ್ಕ ಅದನ್ನೇ ಬರೆದ ಕಾರ್ಡು ನಿಲ್ಲಿಸಿದೆ: ನಮ್ಮ ಊರಿನ ಕಡೆ ಬಟ್ಟೆಗೂ ಉಣಿಸುತ್ತಾರೆ. ಜನ ಓದಿ ತಲೆದೂಗಿದರು. ಅಲ್ಲಿನ ಒಂದು ಅಂಗಡಿಯವರು ಒಂದೇ ಸಲಕ್ಕೆ ನಲವತ್ತು ಜಾಕೆಟ್ ಬೇಕೆಂದರು. ವಾಪಸು ಬಂದು ಆ ಕಾರ್ಡನ್ನು ಆಯಿಗೆ ಓದಿ ಹೇಳಿದೆ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು, ಎರಡು ಸಲ ಓದಿಸಿಕೊಂಡಳು.

ನಲವತ್ತೂ ಹೋದವು. ಎರಡು ತಿಂಗಳಿಗೆ ನಲವತ್ತೂ ಪಾರ್ಸೆಲ್ಲಿನಲ್ಲಿ ತಿರುಗಿ ಬಂದವು. ಪೆಟ್ಟಿಗೆ ಬಿಚ್ಚಿದರೆ ನುಸಿ, ಸತ್ತ ಇರುವೆ. ಎರಡು ಜಾಕೆಟ್ಟಿನ ಅಂಚನ್ನು ಇಲಿ ಕಡಿದಿತ್ತು. ಒಂದರ ಅಂಚು ಬಿಚ್ಚಿ ನೋಡಿದೆ. ಎಡಗಡೆಯ ಮೂಲೆಯಲ್ಲಿ, ಮಡಿಕೆಯೊಳಗೆ, ಬೆರಳಿನ ಉಗುರಿನಷ್ಟು ಜೋಳದ ರೊಟ್ಟಿ. ಇನ್ನೊಂದರಲ್ಲಿಯೂ. ಎಲ್ಲದರಲ್ಲಿಯೂ.

ಅಂದೇ ಪೆಟ್ಟಿಗೆಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಕಮಲಾಪುರಕ್ಕೆ ಹೋದೆ. ನಾಲ್ವರು ಹೆಂಗಸರ ಎದುರಿಗೇ ಕಟ್ಟೆಯ ಮೇಲೆ ಸುರಿದೆ. "ಇವು ಅರಿವಿನೋ ರೊಟ್ಟಿ ಬುಟ್ಟಿನೋ? ನಿಮಗ ಬುದ್ಧಿ ಅದನೋ ಇಲ್ಲೋ?" ಎಂದೆ. ಅಷ್ಟು ವರ್ಷ ದೊಡ್ಡವಳನ್ನು ಹಾಗೆ ಕೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ನಾನೂ ಶಾಲೆಯಲ್ಲಿ ಕಾಪಿ ಬರೆದವಳೇ.

ಆಯಿ ಬಿದ್ದ ಜಾಕೆಟ್ ಒಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. "ಉಣಸತೀವಿ ಅಂತ ನೀನ ಕಾರ್ಡಿನ್ಯಾಗ ಬರದಿದ್ದಿ" ಎಂದಳು, ಬಹಳ ಮೆಲ್ಲಗೆ. "ಆ ಊರಾಗ ಅವರಿಗೆ ಜ್ವಾಳದ ರೊಟ್ಟಿ ಎಲ್ಲಿ ಸಿಗಬೇಕು? ಅದಕ್ಕ ಅವರ ಪಾಲಿಂದು ನಾನ ಹಾಕೀನಿ."

ನಾನು ಇನ್ನೂ ಜೋರು ಮಾಡಿದೆ. ಆಯಿ ಸೂಜಿ ತೆಗೆದುಕೊಂಡಳು.

"ಬಿಚ್ಚತೀನ್ರಿ ಅಕ್ಕೋರೆ. ಅರಿವಿ ನಿಮ್ಮವು."

ಸಂಜೆಯವರೆಗೆ ಕುಳಿತು ನಲವತ್ತೂ ಅಂಚುಗಳನ್ನು ಬಿಚ್ಚಿದಳು, ಕೊಡವಿದಳು, ಮತ್ತೆ ಹೊಲಿದಳು. ಬಿದ್ದ ಚೂರುಗಳನ್ನು ಯಾರೂ ತುಳಿಯದಂತೆ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ನಾನು ಎದುರಿಗೆ ಕುಳಿತು ಎಣಿಸುತ್ತಿದ್ದೆ. ಅವತ್ತೂ ಹೊರಡುವಾಗ ಬಾಳೆಹಣ್ಣು ಕೊಟ್ಟಳು…

ಒಗೆದು, ಇಸ್ತ್ರಿ ಮಾಡಿ ಕಳಿಸಿದ ಮೇಲೆ ಜಾಕೆಟ್‌ಗಳೆಲ್ಲ ಮಾರಾಟವಾದವು. ಇನ್ನೂ ಎರಡು ಸಲ ಒಟ್ಟಿಗೆ ಕೆಲಸ ಮಾಡಿದೆವು. ಒಟ್ಟಿಗೆ ಎನ್ನುವುದು ಬಾಯಿಮಾತು. ನಾನು ಇಟ್ಟ ತುಂಡನ್ನು ಆಯಿ ಎತ್ತಿ ಬಿಸಾಕುವುದು ನಿಂತಿತು. ಮೂಸುವುದೂ ನಿಂತಿತು. ಕೊಟ್ಟದ್ದನ್ನು ಕೊಟ್ಟ ಹಾಗೆ ಹೊಲಿದು "ನೋಡ್ರಿ ಅಕ್ಕೋರೆ, ಸರಿ ಅದ ಏನ್ರಿ?" ಎಂದು ಕೇಳುತ್ತಿದ್ದಳು. ಸರಿಯೇ ಇರುತ್ತಿತ್ತು. ಆದರೆ ಆ ಹಳದಿ ಮತ್ತೆ ಬರಲಿಲ್ಲ.

ತಪ್ಪಾಯಿತು ಎನ್ನಬೇಕೆಂದು ಪ್ರತಿ ಸಲ ಬಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಕಟ್ಟೆಯ ಮೇಲೆ ಕೂತಾಗ ಬೇರೆ ಮಾತು ಬರುತ್ತಿತ್ತು. ಬರಬರುತ್ತ ನಾನು ಹೋಗುವುದನ್ನೇ ಬಿಟ್ಟೆ, ಬಟ್ಟೆಯ ಗಂಟನ್ನು ಬಸ್ಸಿನವರ ಕೈಯಲ್ಲಿ ಕಳಿಸಿದೆ. ಆಮೇಲೆ ಅದೂ ನಿಂತಿತು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನನ್ನ ಮನೆ ಏನೂ ಹಾಳಾಗಲಿಲ್ಲ, ಅಂಗಡಿ ಚೆನ್ನಾಗಿಯೇ ನಡೆಯಿತು.

ಆಯಿಯ ಸೊಸೆ ಫೋನ್ ಮಾಡಿದ್ದು ಆಯಿ ತೀರಿಹೋದ ಮರುದಿನ. ಮೂರನೆಯ ದಿನ ಹೋದೆ. ಎಲ್ಲರೂ ಅಳುತ್ತಿದ್ದರು. ನಾನು ಕಟ್ಟೆಯ ಮೇಲೆ ಕುಳಿತು ಕೊಟ್ಟ ಚಹಾ ಕುಡಿದೆ, ಲೋಟದ ಅಂಚು ಸೊಟ್ಟಗಿರುವುದನ್ನು ನೋಡಿದೆ. ಎದೆಯಲ್ಲಿ ಏನೂ ಅಲುಗಲಿಲ್ಲ. ಅಳು ಬರಲೆಂದು ಆಯಿಯ ಮುಖ ನೆನೆಸಿಕೊಂಡೆ, ಬರಲಿಲ್ಲ. ಹೊರಡುವಾಗ ಸೊಸೆ ಒಳಗಿನಿಂದ ಒಂದು ಕೌದಿ ತಂದು ನನ್ನ ಮಡಿಲಿಗಿಟ್ಟಳು. ಅಪ್ಪನ ಅಂಗಡಿಯ ಬಣ್ಣ ಹೋದ ನೀಲಿ ಸೀರೆ, ನಾನು ಇಟ್ಟಿದ್ದ ಬೂದಿಬಣ್ಣ, ಪಕ್ಕದಲ್ಲಿ ಹಳದಿ. ಮೂರು ಮೂಲೆ ಹೊಲಿದಿತ್ತು. ನಾಲ್ಕನೆಯದು ತೆರೆದಿತ್ತು.

"ಅಂಗಿ ವಾಪಸ್ ಬಂದಿದ್ವಲ್ಲರಿ, ಅದರ ಮುಂದಿನ ತಿಂಗಳ ಹೊಲದಿಟ್ಟಾಳ್ರಿ" ಎಂದಳು ಸೊಸೆ. "ಕಳಸಿ ಕೊಡ್ತೀನಂದ್ರ ಬ್ಯಾಡ ಅಂತಿದ್ಲು. 'ತಂಗಿ ತನ್ನ ಮನಿ ರೊಟ್ಟಿ ತಗೊಂಡು ಬರ್ತಾಳ, ಬಂದಾಗ ಮೂಲಿ ಮುಚ್ಚತೀನಿ' ಅಂತಿದ್ಲು."

ನನ್ನೆದುರು ಅಕ್ಕೋರೆ ಎಂದಷ್ಟು ದಿನವೂ ಮನೆಯೊಳಗೆ ನಾನು ತಂಗಿಯೇ ಆಗಿದ್ದೆ.

ಆ ಕೌದಿ ನಾಲ್ಕು ವರ್ಷ ನನ್ನ ಕಪಾಟಿನಲ್ಲಿತ್ತು, ಮೂಲೆ ತೆರೆದಂತೆಯೇ. ನನ್ನ ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ. ಡಬ್ಬಿಗೆ ಬರುವುದು ರೊಟ್ಟಿ ಕೇಂದ್ರದ್ದು. ಅದನ್ನೇ ನೆಪ ಮಾಡಿಕೊಂಡಿದ್ದೆ. ಹೋದ ವಾರ ಆ ವಾಸನೆ ಬಂದ ದಿನ ಅಂಗಡಿಯನ್ನು ಬೇಗ ಮುಚ್ಚಿ, ಹಿಟ್ಟು ಕೊಂಡು ಮನೆಗೆ ಹೋದೆ. ಮೂರು ರೊಟ್ಟಿ ಹರಿದವು. ನಾಲ್ಕನೆಯದು ಸೊಟ್ಟಗಾದರೂ ಬೆಂದಿತು. ಚೂರು ಮುರಿದು ಮೂಲೆಯೊಳಗಿಟ್ಟು ಹೊಲಿದೆ. ಆಯಿಯ ಹೊಲಿಗೆಯ ಪಕ್ಕದಲ್ಲಿ ನನ್ನದು ಒಡ್ಡೊಡ್ಡಾಗಿ ಕಾಣುತ್ತದೆ. ಹೊದ್ದು ಮಲಗಿದೆ. ಆಗಲೂ ಅಳು ಬರಲಿಲ್ಲ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯಿಂದ ಮಂಚದ ಕಾಲಿಗೆ, ಅಲ್ಲಿಂದ ಕೌದಿಯ ಆ ಮೂಲೆಗೆ ಇರುವೆಗಳ ಸಾಲು ಹಿಡಿದಿತ್ತು. ಕೊಡವಲೆಂದು ಕೌದಿ ಎತ್ತಿದೆ. ಕೊಡವದೆ ಮತ್ತೆ ಇದ್ದಲ್ಲಿಯೇ ಹಾಸಿದೆ. ಇರುವೆಗಳು ತಮ್ಮ ಪಾಡಿಗೆ ತಾವು ಬರುತ್ತಲೇ ಇದ್ದವು. ಆಯಿಗೆ ಹೇಳಬೇಕೆನಿಸಿತು. ಹೇಳಲು ಆಯಿ ಇಲ್ಲ.